ವಾಸಣ್ಣ ರಸ್ತೆ ದಾಟಿದ್ದು

ಇವತ್ತು ಬೆಳಿಗ್ಗೆ ನನ್ನ ಎಡಗಾಲಿನ ಚಪ್ಪಲಿ ಬಿಳಿಯಾಯಿತು. ಕುಂದಾಪುರದ ನಮ್ಮ ಪೇಟೆ ರಸ್ತೆಯಲ್ಲಿ ಜನ ದಾಟುವಲ್ಲಿ ಮಾಸಿಹೋಗಿದ್ದ ಬಿಳಿ ಪಟ್ಟೆಗಳಿಗೆ ಮತ್ತೆ ಬಣ್ಣ ಹೊಡೆಯುತ್ತಿದ್ದರು. ಏನೋ ಯೋಚಿಸುತ್ತ ಹೋಗುತ್ತಿದ್ದ ನಾನು ನೇರವಾಗಿ ಅದರ ಮೇಲೆಯೇ ಕಾಲಿಟ್ಟೆ. "ಹ್ವಾಯ್, ಪೇಂಟ್ ಒಣಗ್ಲಿಲ್ಲೆ ಮಾರಾಯ್ರೆ!" ಎಂದು ಬಣ್ಣ ಹೊಡೆಯುವವರು ಕೂಗಿದ್ದು ಕೇಳಿಸುವ ಹೊತ್ತಿಗೆ ತಡವಾಗಿತ್ತು. ಆ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ವಾಸಣ್ಣ ನೆನಪಾದರು. ಈ ಪಟ್ಟೆಗಳು ಇಲ್ಲಿಗೆ ಮೊದಲ ಸಲ ಬಂದದ್ದು ಅವರಿಂದಾಗಿ.

ವಾಸಣ್ಣ ನಮ್ಮ ನೆರೆಮನೆಯವರು. ಬೈಂದೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ಆಗಿದ್ದವರು. ಆ ಕಾಲದ ಎಕ್ಸ್‌ಪ್ರೆಸ್ಸಿನಲ್ಲಿ ನೀವೂ ಕೂತಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕೊಲ್ಲೂರಿಗೆ ಹೋಗಿ ಬಂದ ಯಾತ್ರಿಕರು ದೇವಸ್ಥಾನದಲ್ಲಿ ಬೇಡಿಕೊಂಡದ್ದಕ್ಕಿಂತ ಹೆಚ್ಚಾಗಿ ಅವರ ಬಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದರು. ಬ್ರಹ್ಮಾವರದಲ್ಲಿ ಇಳಿಯಬೇಕಾದವರು ಸಾಲಿಗ್ರಾಮ ಬಂದಾಗಲೇ ಬಾಗಿಲ ಹತ್ತಿರ ನಿಂತಿರಬೇಕು. ರೈಲು ತಪ್ಪುವ ಹೆದರಿಕೆ ಇದ್ದವರೆಲ್ಲ ವಾಸಣ್ಣನ ಬಸ್ಸನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರಿಗೂ ಅದೊಂದು ಹೆಮ್ಮೆ. ರಸ್ತೆ ಬದಿಯ ಸೈಕಲ್ಲಿನವರನ್ನೂ ನಡೆಯುವವರನ್ನೂ ಅವರು ಹಾರ್ನಿನಿಂದಲೇ ಚರಂಡಿಯ ಅಂಚಿಗೆ ಸರಿಸುತ್ತಿದ್ದರು.

ಅವರನ್ನು ಆಡಿಕೊಳ್ಳಲು ನನಗೇನೂ ಅರ್ಹತೆಯಿಲ್ಲ. ಹಂಗಳೂರಿನಲ್ಲಿ ಹಾಕಿದ ನನ್ನ ಸ್ಕೂಟರಿನ ಇಂಡಿಕೇಟರು ಮನೆ ಮುಟ್ಟುವವರೆಗೂ ಮಿಣುಕುತ್ತಲೇ ಇರುತ್ತಿತ್ತು. ಹಿಂದೆ ಬರುವವರು ನಾನು ಯಾವ ಗಲ್ಲಿಗೆ ತಿರುಗುತ್ತೇನೆಂದು ಕಾದು ಕಾದು, ಕೊನೆಗೆ ನನ್ನ ಮೇಲಿನ ಆಸೆಯನ್ನೇ ಬಿಡುತ್ತಿದ್ದರು.

ವಾಸಣ್ಣ ನಿವೃತ್ತರಾದ ಮರುವಾರವೇ ಇರಬೇಕು, ಅವರು ಕೈಯಲ್ಲೊಂದು ಚೀಲ ಹಿಡಿದು ರಸ್ತೆ ಬದಿ ನಿಂತಿದ್ದರು. ತರಕಾರಿ ಅಂಗಡಿ ಆಚೆ ಬದಿಯಲ್ಲಿ. ಒಂದು ಕಾಲು ಮುಂದಿಡುತ್ತಾರೆ, ಹಿಂದೆ ತೆಗೆಯುತ್ತಾರೆ. ನಾನು ಪೇಪರು ತೆಗೆದುಕೊಂಡು ವಾಪಸು ಬಂದರೂ ಅಲ್ಲೇ ಇದ್ದಾರೆ. ಅಷ್ಟರಲ್ಲಿ ಒಂದು ಬಸ್ಸು ಅವರ ಮೂಗಿನ ತುದಿಯಲ್ಲೇ ಹಾದುಹೋಯಿತು. ಓಡಿಸುತ್ತಿದ್ದವನು ರತ್ನಾಕರ. ಹಿಂದೆ ವಾಸಣ್ಣನ ಬಸ್ಸಿನಲ್ಲೇ ಕ್ಲೀನರ್ ಆಗಿದ್ದು, ಅವರಿಂದಲೇ ಡ್ರೈವಿಂಗ್ ಕಲಿತವನು. "ಹ್ವಾಯ್ ವಾಸಣ್ಣ!" ಎಂದು ಪ್ರೀತಿಯಿಂದ ಕೈಬೀಸಿದ. ಆದರೆ ಕಾಲು ಬ್ರೇಕಿನ ಕಡೆಗೆ ಹೋಗಲಿಲ್ಲ.

ನಾನು ಅವರ ತೋಳು ಹಿಡಿದು ದಾಟಿಸಿದೆ. ಆಚೆ ಬದಿ ಮುಟ್ಟಿದ ಮೇಲೆ ವಾಸಣ್ಣ ತಿರುಗಿ ನಿಂತು, "ಈ ರಸ್ತೆ ಇಷ್ಟ್ ಅಗಲ ಇತ್ತಾ ಮಾರಾಯ್ರೆ? ಬಸ್ಸಂಗೆ ಕೂಕಂಡ್ರೆ ಗೇಣಗಲ ಕಾಂತಿತ್ತಲೆ!" ಎಂದರು. ಮತ್ತೆ ಕೇಳಿದರು, "ನಮ್ ಗಿರಿಜಾ ಇಷ್ಟ್ ವರ್ಷ ಹ್ಯಾಂಗ್ ದಾಟಿದ್ಲ್?"

ಗಿರಿಜಕ್ಕ ಅವರ ಹೆಂಡತಿ. ಮಂಡಿನೋವಿನವರು, ನಿಧಾನವಾಗಿ ನಡೆಯುವವರು. ಆಚೆ ಬದಿಯ ಗಲ್ಲಿಯಲ್ಲಿರುವ ಭಜನಾ ಮಂದಿರಕ್ಕೆ ಶುಕ್ರವಾರ ತಪ್ಪದೆ ಹೋಗುತ್ತಿದ್ದರು. ಹಾಡುವುದೆಷ್ಟೋ ಮಾತಾಡುವುದೆಷ್ಟೋ, ಅಂತೂ ಅವರಿಗೆ ಆ ಸಂಜೆ ಬೇಕೇ ಬೇಕು. ವಾಸಣ್ಣ ಆ ಪ್ರಶ್ನೆ ಕೇಳಿದ ಕೆಲವೇ ದಿನಗಳಲ್ಲಿ ಗಿರಿಜಕ್ಕ ರಸ್ತೆಯಲ್ಲಿ ಬಿದ್ದರು. ಆ ಗಲ್ಲಿಯ ತಿರುವಿನಲ್ಲೇ ಬಸ್ಸೊಂದು ನಿಂತು ಜನ ಹತ್ತಿಸುತ್ತಿತ್ತು, ಅದರ ಹಿಂದೆ ಹಣ್ಣಿನ ಅಂಗಡಿಯ ಪಿಕಪ್ಪು. ಎರಡನ್ನೂ ಬಳಸಿಕೊಂಡು ಸೈಕಲ್ಲಿನಲ್ಲಿ ಬಂದ ಟೈಲರೊಬ್ಬರಿಗೆ ಬಸ್ಸಿನ ಮರೆಯಿಂದ ಹೊರಬಂದ ಗಿರಿಜಕ್ಕ ಕಾಣಿಸಲೇ ಇಲ್ಲ. ಇಬ್ಬರೂ ಬಿದ್ದರು. ಟೈಲರಿಗೆ ಮೊಣಕೈ ತರಚಿತು, ಗಿರಿಜಕ್ಕನಿಗೆ ಮಣಿಕಟ್ಟು ಮುರಿಯಿತು. ಜನ ಸೇರಿ ಟೈಲರನ್ನು ಬೈಯತೊಡಗಿದಾಗ ಗಿರಿಜಕ್ಕ ನೆಲದಲ್ಲಿ ಕೂತಲ್ಲಿಂದಲೇ, "ಅವ್ರನ್ನ್ ಎಂತಕ್ ಬೈತ್ರಿ? ಅವ್ರಿಗ್ ಹೋಪುಕೆ ಜಾಗ ಎಲ್ಲಿತ್ತ್?" ಎಂದು ಎಲ್ಲರ ಬಾಯಿ ಮುಚ್ಚಿಸಿದರು.

ಕೈ ಕೂಡಿಕೊಂಡಿತು. ಆದರೆ ಗಿರಿಜಕ್ಕ ರಸ್ತೆಗೆ ಇಳಿಯಲಿಲ್ಲ. ಶುಕ್ರವಾರ ಸಂಜೆ ಜಗಲಿಯಲ್ಲಿ ಕೂತು ಆಚೆ ಬದಿಯನ್ನು ನೋಡುತ್ತಿದ್ದರು. ವಾಸಣ್ಣ ಕರೆದುಕೊಂಡು ಹೋಗುತ್ತೇನೆಂದರೆ, "ನಿಮ್ಗೇ ದಾಟುಕ್ ಬತ್ತಿಲ್ಲೆ, ನನ್ನ್ ದಾಟ್ಸ್ತ್ರ್ಯಾ?" ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು.

ಒಂದು ಶುಕ್ರವಾರ ರಜೆಯಲ್ಲಿದ್ದ ರತ್ನಾಕರನನ್ನು ವಾಸಣ್ಣ ಚಹಾಕ್ಕೆ ಕರೆದರು. ಚಹಾ ಕುಡಿಸಿ, "ನಿನ್ನ ಗಿರಿಜಕ್ಕನ್ನ ಒಂದ್ಸಲ ಮಂದಿರಕ್ಕೆ ಮುಟ್ಟಿಸ್ ಕಾಂಬ. ಅವ್ಳ್ ನಡ್ದಾಂಗೇ ನಡಿಕ್, ಎಳ್ಕಂಡ್ ಹೋಪುಕಾಗ" ಎಂದರು. ಅದೇನು ಮಹಾ ಎಂದು ರತ್ನಾಕರ ನಗುತ್ತ ಎದ್ದ. ಗಿರಿಜಕ್ಕನಿಗೂ ಅವನೆಂದರೆ ತಮ್ಮನ ಹಾಗೆ, ಒಪ್ಪಿದರು. ರಸ್ತೆಯ ನಟ್ಟನಡುವೆ ತಲುಪಿದಾಗ ಬಸ್ಸೊಂದು ಹಾರ್ನ್ ಹೊಡೆಯುತ್ತ ಬಂತು. ಗಿರಿಜಕ್ಕನ ಕಾಲು ಅಲ್ಲೇ ಕಟ್ಟಿಹೋಯಿತು. ರತ್ನಾಕರ ಅವರಿಗೆ ಅಡ್ಡವಾಗಿ ನಿಂತು ಎರಡೂ ಕೈ ಎತ್ತಿ ಕೂಗಿಕೊಂಡ ರೀತಿಗೆ ಅಂಗಡಿಗಳಿಂದ ಜನ ಹೊರಗೆ ಬಂದರು. ಅಕ್ಕನನ್ನು ಮಂದಿರ ಮುಟ್ಟಿಸಿ ವಾಪಸು ಬಂದವನ ಅಂಗಿ ಬೆವರಿನಿಂದ ತೊಯ್ದಿತ್ತು.

"ಎಂತ ವಾಸಣ್ಣ, ಅವ್ನಿಗ್ ಕಣ್ಣ್ ಕಾಂತಿಲ್ಯಾ?"

"ಕಾಣತ್ ಮಾರಾಯ. ನಿನ್ನೆ ನೀನೂ ಹೀಂಗೇ ಹೋದ್ದ್. ನಾ ಹೀಂಗೇ ಹೋಯ್ಕಂಡ್ ನಿಂಗೂ ಕಲ್ಸಿದ್ದ್."

 ಮರುವಾರ ರತ್ನಾಕರ ಆ ಬಸ್ಸಿನ ಡ್ರೈವರನನ್ನೇ ಜೊತೆಗೆ ಕರೆದುಕೊಂಡು ಬಂದ.

ಅಲ್ಲಿಂದ ಮುಂದೆ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಪ್ರತಿ ಶುಕ್ರವಾರ ಗಿರಿಜಕ್ಕನಿಗೆ ಹೊಸ ಜೊತೆಗಾರ. ಬಸ್ಸಿನವರು, ರಿಕ್ಷಾದವರು, ಹಣ್ಣಿನ ಅಂಗಡಿಯವರು. ಗಿರಿಜಕ್ಕ ಪ್ರತಿಯೊಬ್ಬರ ಮನೆ, ಮಕ್ಕಳು, ಶುಗರು ಎಲ್ಲ ವಿಚಾರಿಸುತ್ತ ದಾಟುತ್ತಿದ್ದರು. ಮಂದಿರದ ಹೆಂಗಸರು, "ಗಿರಿಜಕ್ಕಂಗೆ ಮಂತ್ರಿ ಪದವಿ ಸಿಕ್ಕಿತ್ತಂಬ್ರ್" ಎಂದು ತಮಾಷೆ ಮಾಡಿದರಂತೆ. ನನ್ನ ಸರದಿಯೂ ಬಂತು. ಬರುತ್ತಿರುವ ಸ್ಕೂಟರು ತಿರುಗುವುದು ಎಡಕ್ಕೋ ಬಲಕ್ಕೋ ತಿಳಿಯದೆ ಗಿರಿಜಕ್ಕನ ಜೊತೆ ನಡುರಸ್ತೆಯಲ್ಲಿ ನಿಂತಾಗಲೇ ಇಂಡಿಕೇಟರು ಯಾಕಿದೆ ಎಂಬುದು ನನಗೆ ಅರ್ಥವಾದದ್ದು.

ಕೊನೆಗೆ ಹೋಟೆಲಿನಲ್ಲಿ ಎಲ್ಲರೂ ಕೂತು, ಯಾವ ಗಾಡಿ ಎಲ್ಲಿ ನಿಲ್ಲಬೇಕೆಂದು ಮಾತಾಡಿದರು. ಜಗಳವೂ ಆಯಿತು. ಬಸ್ಸು ಮುಂದೆ ಹೋಗಿ ನಿಂತರೆ ಗಿರಾಕಿ ತಪ್ಪುತ್ತಾರೆಂದು ಹಣ್ಣಿನ ಅಂಗಡಿಯವರು ಮುಖ ಊದಿಸಿದರು. "ನಿಮ್ ಪಿಕಪ್ ಸರ್ಸಿದ್ರೆ ನಿಮ್ ಅಂಗ್ಡಿ ಅಂಬುದೊಂದ್ ಇತ್ ಅಂತಾರೂ ಕಾಂತ್" ಎಂದು ಟೈಲರು ಹೇಳಿದಾಗ ಅವರೂ ನಕ್ಕುಬಿಟ್ಟರು. ಬಸ್ಸುಗಳು ತಿರುವು ದಾಟಿ ನಿಲ್ಲತೊಡಗಿದವು. ರಿಕ್ಷಾಗಳು ಗಲ್ಲಿಯೊಳಗೆ ಸಾಲಾದವು. ರಸ್ತೆಯ ಅಂಚು ಸೈಕಲ್ಲಿನವರಿಗೆ ಸಿಕ್ಕಿತು. ವಾಸಣ್ಣ ಪುರಸಭೆಗೆ ಎಷ್ಟು ಸಲ ಅಲೆದರೋ ಅವರಿಗೇ ಗೊತ್ತು, ಅಂತೂ ಬಿಳಿ ಪಟ್ಟೆಯೂ, ಗಾಡಿಗಳ ವೇಗ ತಗ್ಗಿಸಲು ಒಂದು ಹಂಪೂ ಬಂದವು. ಮೊದಲು ಹಾಕಿದ ಹಂಪು ಗುಡ್ಡದಷ್ಟು ಎತ್ತರವಿತ್ತು, ನನ್ನ ಚೀಲದ ಮೊಟ್ಟೆಗಳೆಲ್ಲ ಅಲ್ಲೇ ಒಡೆದವು. ಆಮೇಲೆ ಅದನ್ನು ತಗ್ಗಿಸಿದರು.

ಹೊರಗಿನಿಂದ ಬರುವ ಗಾಡಿಗಳು ಈಗಲೂ ಕೆಲವೊಮ್ಮೆ ನುಗ್ಗುತ್ತವೆ, ಇಲ್ಲವೆನ್ನಲಾರೆ. ಆದರೆ ಇವತ್ತು ಸಂಜೆ ಆದದ್ದನ್ನು ಕೇಳಿ. ನಾನು ಸ್ಕೂಟರಿನಲ್ಲಿ ಬರುವಾಗ ಗಿರಿಜಕ್ಕ ಒಬ್ಬರೇ ರಸ್ತೆಗಿಳಿದರು. ನಾನು ನಿಂತೆ. ಎದುರಿನಿಂದ ಬಂದ ರತ್ನಾಕರನ ಬಸ್ಸೂ ನಿಂತಿತು. ನಟ್ಟನಡುವೆ ಬಂದ ಗಿರಿಜಕ್ಕನ ಕಣ್ಣಿಗೆ ನಾನು ಬಿದ್ದೆ. ಅವರೂ ಅಲ್ಲೇ ನಿಂತರು.

"ಹ್ವಾಯ್, ಭಜನಿಗೆ ಬತ್ತೆ ಬತ್ತೆ ಅಂದ್ಕಂಡ್ ಒಂದಿನಾರೂ ಬಂದ್ರ್ಯಾ?"

"ಬತ್ತೆ ಗಿರಿಜಕ್ಕ, ನೀವ್ ಮೊದ್ಲ್ ದಾಟಿ!"

"ದಾಟ್ವ, ಎಂತ ಅರ್ಜೆಂಟ್?" ಎಂದು ಅವರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ರತ್ನಾಕರನ ಮಗಳ ಪರೀಕ್ಷೆ ಏನಾಯಿತೆಂದು ವಿಚಾರಿಸತೊಡಗಿದರು. ರತ್ನಾಕರ ಕಿಟಕಿಯಿಂದ ತಲೆ ಹೊರಹಾಕಿ ಉತ್ತರ ಕೊಡುತ್ತಿದ್ದ. ಬಸ್ಸಿನ ತುಂಬ ಜನ, ಅದರ ಹಿಂದೆ ಗಾಡಿಯವರು ಕಾಯುತ್ತಿದ್ದರು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ.