ಸಮುದ್ರಕ್ಕೆ ತಪ್ಪುಗಾಣಿಕೆ

ಹೊಗೆಸೊಪ್ಪು ಬೆಳೆಯುವವರಿಗೆ ಸಮುದ್ರ ನೋಡಲು ಬಿಡುವು ಸಿಗುವುದು ಜೂನ್ ತಿಂಗಳಲ್ಲಿ ಮಾತ್ರ. ಮೇ ತಿಂಗಳಲ್ಲಿ ಸಸಿ ನಾಟಿ, ಆಮೇಲೆ ಗೊಬ್ಬರ, ಕಳೆ. ಜುಲೈ ಬಂತೆಂದರೆ ಕೊಯ್ಲು, ಬ್ಯಾರನ್ ಎಂಬ ಗೂಡುಮನೆಯಲ್ಲಿ ಬೆಂಕಿ ಹಾಕಿ, ನಿದ್ದೆಗೆಟ್ಟು ಸೊಪ್ಪು ಬೇಯಿಸಿ ಒಣಗಿಸುವ ಕೆಲಸ. ನಡುವೆ ಉಳಿಯುವ ಎಂಟು ಹತ್ತು ದಿನಗಳಲ್ಲಿ ಸಮುದ್ರದ ಕಡೆಯವರು ಮುಂಗಾರಿಗೆ ಹೆದರಿ ಕೆಂಪು ಬಾವುಟ ನೆಟ್ಟು, ಐಸ್‌ಕ್ರೀಂ ಗಾಡಿಗೆ ಟಾರ್ಪಾಲು ಹೊದಿಸಿ, ಯಾರೂ ಬರಬೇಡಿ ಎಂದು ಕೂತಿರುತ್ತಾರೆ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಪವಿತ್ರ ಇದುವರೆಗೆ ಎರಡು ಸಲ ಸಮುದ್ರ ನೋಡಿದ್ದಾಳೆ. ಎರಡು ಸಲವೂ ಬರಬೇಡಿ ಎನ್ನುವ ಕಾಲದಲ್ಲೇ ಹೋಗಿ ನೋಡಿದ್ದು.

ಪವಿತ್ರಳ ತವರು ಅದೇ ತಾಲ್ಲೂಕಿನ ಗುರುಪುರ. ಇಪ್ಪತ್ತೊಂದಕ್ಕೆ ಕಾಂತರಾಜುವಿನ ಕೈಹಿಡಿದು ಬಂದಳು. ಗಂಡ, ಅತ್ತೆ ಬಸವಮ್ಮ, ಮೂರೆಕರೆ ಖುಷ್ಕಿ, ಒಂದು ಬ್ಯಾರನ್, ಇಷ್ಟೇ ಸಂಸಾರ. ಬ್ಯಾರನ್ನಿನಲ್ಲಿ ತೂಗುಹಾಕಲು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಅವಳನ್ನು ಮೀರಿಸುವ ಹೆಂಗಸು ಸುತ್ತಮುತ್ತ ಇರಲಿಲ್ಲ. ಪಕ್ಕದವಳು ಒಂದು ಕಡ್ಡಿ ಮುಗಿಸುವಷ್ಟರಲ್ಲಿ ಇವಳು ಎರಡನೆಯದಕ್ಕೆ ದಾರ ಸುತ್ತಿರುತ್ತಿದ್ದಳು. ಕೊಯ್ಲಿನ ಮೂರು ತಿಂಗಳು ಅವಳ ಅಂಗೈ ಸೊಪ್ಪಿನ ಅಂಟು ಹಿಡಿದು ಕಪ್ಪಗಿರುತ್ತಿತ್ತು. ಸೋಪು, ಹುಣಸೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ಆ ಕಪ್ಪು ಕೈ ಅವಳಿಗೆ ಹೆಮ್ಮೆಯೇ ಆಗಿತ್ತು.

ಮದುವೆಯಾದ ನಾಲ್ಕನೇ ವರ್ಷ ಬಸುರಾಗಿ, ಮೂರನೇ ತಿಂಗಳಲ್ಲೇ ಹೋಯಿತು. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಹೊಟ್ಟೆಯ ನೋವಿಗಿಂತ ಸಮಾಧಾನ ಹೇಳಲು ಬಂದವರ ಕಾಟವೇ ಹೆಚ್ಚಾಯಿತು. ಇನ್ನೊಂದು ಸಲ ಹಾಗೇನಾದರೂ ಆದರೆ ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದೆಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು. ಗಂಡನಿಗೆ ಹೇಳಿದರೆ ಅತ್ತೆಗೆ ಹೇಳಿದ ಹಾಗೆ, ಅತ್ತೆಗೆ ಹೇಳಿದರೆ ಊರಿಗೇ ಸಾರಿದ ಹಾಗೆ.

ಆ ಇನ್ನೊಂದು ಸಲ ಬರಲು ಏಳು ವರ್ಷ ಹಿಡಿಯಿತು. ಎರಡು ತಿಂಗಳು ದಾಟಿ, ಪವಿತ್ರ ಒಳಗೊಳಗೇ ದಿನ ಎಣಿಸುತ್ತಿದ್ದಾಗ ಕಾಂತರಾಜು ಸಮುದ್ರದ ಸುದ್ದಿ ಎತ್ತಿಕೊಂಡು ಬಂದ. ಅವನ ಗೆಳೆಯ ನಂಜುಂಡೇಶ್ ಹುಣಸೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಜೂನ್‌ನಲ್ಲಿ ಕೇರಳದ ಕಣ್ಣೂರಿನ ಕಡೆ ರೂಮು ಅರ್ಧಕ್ಕರ್ಧ ಸಿಗುತ್ತದೆಂದು ಅವನು ತಲೆಗೆ ತುಂಬಿದ್ದ. ಹನ್ನೊಂದು ವರ್ಷದಲ್ಲಿ ನಾವಿಬ್ಬರೇ ಎಂದು ಎಲ್ಲಿಗೂ ಹೋಗಿಲ್ಲ, ಎರಡು ದಿನ ಇದ್ದು ಬರೋಣ ಎಂದು ಕಾಂತರಾಜು ಹಟ ಹಿಡಿದ. ಅವನು ಯಾವುದಕ್ಕೂ ಹಟ ಹಿಡಿಯುವ ಆಸಾಮಿಯಲ್ಲ. ಅದಕ್ಕೇ ಅವಳಿಗೆ ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

ಮಾಕುಟ್ಟದ ಘಾಟಿಯಲ್ಲಿ ಬಸ್ಸು ತಿರುವಿನ ಮೇಲೆ ತಿರುವು ತೆಗೆದುಕೊಳ್ಳುವಾಗ ಅವಳು ಎರಡು ಸಲ ವಾಂತಿ ಮಾಡಿದಳು. ಬಸ್ಸು ಒಗ್ಗುವುದಿಲ್ಲ ಎಂದುಕೊಂಡ ಗಂಡ ನಿಂಬೆಹಣ್ಣು ಮೂಸಿಸಿದ. ಲಾಡ್ಜಿನಲ್ಲಿ ಇವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹಾಸಿಗೆ ತಂಡಿ ಹಿಡಿದಿತ್ತು, ಗೋಡೆಯ ಮೂಲೆಯಲ್ಲಿ ಬೂಷ್ಟು ಬೆಳೆದಿತ್ತು. ಸೊಪ್ಪು ಬೇಯಿಸುವವನಿಗೆ ತೇವ ಕಂಡರೆ ಆಗುವುದಿಲ್ಲ. ಕಾಂತರಾಜು ದಿಂಬನ್ನು ಹಿಚುಕಿ ನೋಡಿ, ಇದನ್ನು ಬ್ಯಾರನ್ನಿಗೆ ಹಾಕಿ ಒಂದು ದಿನ ಬೆಂಕಿ ಕೊಡಬೇಕು ಎಂದ. ಅವಳಿಗೆ ನಗು ಬಂತು. ಆ ಪ್ರವಾಸದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಸಂಜೆ ಮಳೆ ಸ್ವಲ್ಪ ತೆರಪು ಕೊಟ್ಟಾಗ ಇಬ್ಬರೂ ಮರಳಿಗೆ ಇಳಿದರು. ಸಮುದ್ರ ನೀಲಿಯಾಗಿರುತ್ತದೆಂದು ಅವಳು ಅಂದುಕೊಂಡಿದ್ದಳು. ಅದು ಕೆರೆಕೋಡಿ ಒಡೆದ ನೀರಿನ ಹಾಗೆ ಕೆಂಚಗಿತ್ತು. ಕಾಂತರಾಜು ಪಂಚೆ ಮೇಲೆ ಕಟ್ಟಿದ. ಉಪ್ಪುನೀರಿಗೆ ಮೈಕೈ ನೋವು ಇಳಿಯುತ್ತದಂತೆ, ಮೂರು ಮುಳುಗು ಹಾಕಿ ಬರುತ್ತೇನೆ ಎಂದ. ಆಗ ಪವಿತ್ರಳಿಗೆ ಏಳು ವರ್ಷದ ಹಿಂದೆ ಅತ್ತೆ ಬೆರಳು ಮಡಿಸಿ ಹೇಳಿದ್ದು ನೆನಪಾಯಿತು: ಬಸುರಿಯ ಗಂಡ ಹೆಣಕ್ಕೆ ಹೆಗಲು ಕೊಡಬಾರದು, ಹಾವು ಹೊಡೆಯಬಾರದು, ಕುಂಬಳಕಾಯಿ ಒಡೆಯಬಾರದು, ಸಮುದ್ರಕ್ಕೆ ಇಳಿಯಬಾರದು. ಕೊನೆಯ ಮಾತನ್ನು ಹುಣಸೂರು ಸೀಮೆಯ ಹೆಂಗಸರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ಸಮುದ್ರವೇ ಇಲ್ಲದ ಸೀಮೆಯಲ್ಲಿ ಅದನ್ನು ಮುರಿಯುವ ಅವಕಾಶ ಯಾರಿಗೂ ಸಿಕ್ಕಿರಲಿಲ್ಲ.

"ಬ್ಯಾಡ ಬನ್ನಿ," ಎಂದಳು. ಯಾಕೆ ಎಂದು ಅವನು ಕೇಳಿದ. ಅವಳು ಮಳೆ ಎಂದಳು, ಗಾಳಿ ಎಂದಳು, ಕೆಂಪು ಬಾವುಟ ತೋರಿಸಿದಳು. ಹೇಳಬೇಕಾದ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಇಷ್ಟು ದೂರ ಬಂದು ಕಾಲೂ ನೆನೆಸದೆ ಹೋದರೆ ನಂಜುಂಡೇಶ ಆಡಿಕೊಂಡು ನಗುತ್ತಾನೆ ಎನ್ನುತ್ತಾ ಅವನು ಇಳಿದೇಬಿಟ್ಟ. ನೀರು ಮೊಣಕಾಲು ಮುಟ್ಟುವಷ್ಟರಲ್ಲಿ ಒಂದು ಅಲೆ ಬಂದು ಕೆಡವಿ ತಲೆಯ ಮೇಲೆ ಹಾದುಹೋಯಿತು. ದಡದ ಕಾವಲಿನವನು ಸೀಟಿ ಊದಿದ. ಕಾಂತರಾಜು ಮೂಗು ಬಾಯಲ್ಲೆಲ್ಲ ಮರಳು ತುಂಬಿಕೊಂಡು, ನಗುತ್ತಾ ಎದ್ದು ಬಂದ.

ಜುಲೈ ನಡುವೆ ಮೂರು ತಿಂಗಳು ತುಂಬಿತು. ಪವಿತ್ರ ಬಾಯಿ ಬಿಟ್ಟಳು. ಕಾಂತರಾಜು ಬ್ಯಾರನ್ನಿನ ಬೆಂಕಿಯನ್ನೂ ಮರೆತು ಅವಳನ್ನೇ ನೋಡುತ್ತಾ ನಿಂತ. ಬಸವಮ್ಮ ಸಕ್ಕರೆ ಹಂಚಿದಳು, ಮತ್ತೆ ಬೆರಳು ಮಡಿಸಿ ಮಗನಿಗೆ ಒಂದೊಂದೇ ಹೇಳಿದಳು. ಕೊನೆಯ ಬೆರಳಿಗೆ ಬಂದಾಗ ಅವನ ಮುಖದ ಕಳೆ ಇಳಿದುಹೋಯಿತು. ಯಾರ ಮುಂದೆಯೂ ಏನೂ ಆಡಲಿಲ್ಲ, ಆದರೆ ಅವತ್ತಿನಿಂದ ಅವನ ನಗು ನಿಂತಿತು.

ಸೊಪ್ಪಿನ ಹತ್ತಿರ ಬರಬೇಡ, ಮನೆಯಲ್ಲೇ ಇರು ಎಂದು ಅವನು ಅವಳಿಗೆ ಎರಡು ಸಲ ಹೇಳಿದ್ದ. ಆ ವರ್ಷ ಕಟ್ಟುವ ಹೆಂಗಸರಿಗೆ ಎಲ್ಲೆಡೆ ಬೇಡಿಕೆ. ಒಪ್ಪಿಕೊಂಡ ಮೂವರು ಬರಲೇ ಇಲ್ಲ. ಕೊಯ್ದ ಸೊಪ್ಪು ಅವತ್ತೇ ಬ್ಯಾರನ್ ಸೇರದಿದ್ದರೆ ರಾಶಿಯಲ್ಲೇ ಬೆಂದು ಕೆಡುತ್ತದೆ. ಕೂತು ಮಾಡುವ ಕೆಲಸ, ಇದರಿಂದ ಏನಾಗುತ್ತದೆ ಎಂದು ಪವಿತ್ರ ತಾನಾಗಿಯೇ ಚಾಪೆಯ ಮೇಲೆ ಕೂತಳು. ಮೂರನೆಯ ಸಲ ಅವನು ಬೇಡ ಎನ್ನಲಿಲ್ಲ. ಮಳೆಯಲ್ಲಿ ನೆಂದ ಸೊಪ್ಪು, ತೋಳಿನವರೆಗೆ ರಸ. ಸಂಜೆ ತಲೆ ಸುತ್ತಿ ವಾಂತಿಯಾದರೆ ಬಸುರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಳು.

ಆಗಸ್ಟ್ ಕೊನೆಗೆ ಹೋಗಿಬಿಟ್ಟಿತು. ಈ ಸಲದ್ದು ಬರೀ ರಕ್ತವಲ್ಲ, ಕೈಕಾಲು ಮೂಡಿದ್ದ ಹೆಣ್ಣು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಅಂಗೈ ತಿರುಗಿಸಿ ನೋಡಿ, ಇದೇನು ಕಪ್ಪು ಎಂದು ಕೇಳಿದರು. ಸೊಪ್ಪು ಕಟ್ಟುವ ವಿಷಯವನ್ನು ಪವಿತ್ರ ಹೇಳಿದಳು. ಹಸಿ ಸೊಪ್ಪಿನ ವಿಷ ಚರ್ಮದಿಂದಲೇ ಒಳಗೆ ಇಳಿಯುತ್ತದೆ, ಇದೇ ಕಾರಣ ಎಂದು ನಾನು ಬರೆದುಕೊಡಲಾರೆ, ಆದರೆ ಬಸುರಿ ಅದನ್ನು ಮುಟ್ಟಲೇಬಾರದಿತ್ತು ಎಂದರು. ಕಾಂತರಾಜು ಔಷಧಿ ತರಲು ಹೋಗಿದ್ದ. ವಾಪಸು ಬಂದು ಡಾಕ್ಟರು ಏನಂದರು ಎಂದು ಕೇಳಿದಾಗ ಪವಿತ್ರ, ರೆಸ್ಟು ತಗೊ ಅಂದರು, ಅಷ್ಟೇ ಎಂದಳು.

ಮಂಚದಿಂದ ಎದ್ದ ಮೇಲೆ ಹೇಳೋಣ ಎಂದುಕೊಂಡಿದ್ದಳು. ಆದರೆ ಅಷ್ಟರಲ್ಲಿ ಕಾಂತರಾಜು ಅಮ್ಮನ ಮುಂದೆ ಸಮುದ್ರಕ್ಕೆ ಇಳಿದ ವಿಷಯ ಬಾಯಿಬಿಟ್ಟು ಅತ್ತಿದ್ದ. ಬಸವಮ್ಮ ಹಣೆ ಚಚ್ಚಿಕೊಂಡು, ಹೇಳದೆ ಕೇಳದೆ ನೀರಿಗಿಳಿದು ಮನೆ ದೀಪ ಆರಿಸಿಕೊಂಡು ಬಂದೆಯಲ್ಲೋ ಎಂದು ಮಗನನ್ನು ಬೈದಿದ್ದಳು. ತೀರ್ಪು ಆಗಿಹೋಗಿತ್ತು. ಈಗ ನಿಜ ಹೇಳಿದರೆ ಆ ಬೈಗುಳವೆಲ್ಲ ತನ್ನ ಕಡೆ ತಿರುಗುತ್ತದೆ. ಬಸುರನ್ನು ಮುಚ್ಚಿಟ್ಟವಳು ಅವಳೇ, ಬೇಡವೆಂದರೂ ಚಾಪೆಯ ಮೇಲೆ ಕೂತವಳೂ ಅವಳೇ. ಹೆದರಿ ಸುಮ್ಮನಾದಳು. ಹೆದರಿದ್ದು ನಿಜ, ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಒಂದು ವರ್ಷ ಅವನು ಆ ಭಾರ ಹೊತ್ತು ತಿರುಗಿದ. ಹುಣಸೂರಿನ ಸೇತುವೆ ದಾಟುವಾಗ ಲಕ್ಷ್ಮಣತೀರ್ಥ ನದಿಯ ಕಡೆ ಮುಖ ಹಾಕುತ್ತಿರಲಿಲ್ಲ. ಕೆರೆಯಲ್ಲಿ ಎತ್ತು ತೊಳೆಯುವುದನ್ನೂ ಬಿಟ್ಟ. ಯಾರಾದರೂ ಮಕ್ಕಳ ಮಾತು ಎತ್ತಿದರೆ ನನ್ನಿಂದಲೇ ಆಯ್ತು ಎಂದು ತಾನಾಗಿಯೇ ಹೇಳಿಕೊಳ್ಳುತ್ತಿದ್ದ. ಪವಿತ್ರ ಪ್ರತಿ ಸಲವೂ ಎದ್ದು ಒಳಗೆ ಹೋಗುತ್ತಿದ್ದಳು. ಗಂಡ ಊಟ ಬಿಟ್ಟು ಎದ್ದ ತಟ್ಟೆಯನ್ನು ತೊಳೆಯುವಾಗ ತನ್ನ ಮೇಲೆ ಅವಳಿಗೇ ಹೇಸಿಗೆಯಾಗುತ್ತಿತ್ತು.

ಮತ್ತೆ ಜೂನ್ ಬಂತು. ಕಾಂತರಾಜು ದೇವರ ಮುಂದೆ ಹನ್ನೊಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿದ. ದೇವರಿಗೆ ತಪ್ಪು ಮಾಡಿದರೆ ತಪ್ಪುಗಾಣಿಕೆ ಒಪ್ಪಿಸುವುದಿಲ್ಲವೇ, ಸಮುದ್ರಕ್ಕೂ ಒಪ್ಪಿಸಿ ಬರುತ್ತೇನೆ ಎಂದ. ಜೊತೆಗೆ ಅವಳೂ ಬರಬೇಕು ಎಂದ. ಅದೇ ಬಸ್ಸು, ಅದೇ ಘಾಟಿ. ಈ ಸಲ ಅವಳಿಗೆ ವಾಂತಿಯಾಗಲಿಲ್ಲ. ಲಾಡ್ಜಿನವನು ಗುರುತು ಹಿಡಿದು, ಅವನಿಗೆ ಬರುವಷ್ಟು ಕನ್ನಡದಲ್ಲಿ, ಸೀಸನ್ನಿನಲ್ಲಿ ಯಾಕೆ ಬರುವುದಿಲ್ಲ ಎಂದು ಕೇಳಿದ. ಕಾಂತರಾಜು ಅವನ ಕೈಯಿಂದ ರೂಮಿನ ಕೀ ಇಸಿದುಕೊಂಡ.

ಬೆಳಿಗ್ಗೆ ಕಾಂತರಾಜು ಒಗೆದ ಪಂಚೆ ಉಟ್ಟು, ಮಳೆಯಲ್ಲೇ ನಡೆದು ಹೋಗಿ ಅಲೆ ಮುಟ್ಟದಷ್ಟು ದೂರದಲ್ಲಿ ನಿಂತ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ತಿಳಿಯದೆ ಇಳಿದೆ, ನನ್ನ ತಪ್ಪು ಹೊಟ್ಟೆಗೆ ಹಾಕ್ಕೋ ತಾಯಿ ಎಂದು ಅವನು ಬೇಡಿಕೊಳ್ಳುವುದು ಪವಿತ್ರಳ ಕಿವಿಗೆ ಬಿತ್ತು. ಏನೂ ಮಾಡದ ನೀರಿನ ಮುಂದೆ ಏನೂ ಮಾಡದ ಮನುಷ್ಯ ಕ್ಷಮೆ ಕೇಳುತ್ತಿದ್ದ. ಅವಳಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ಅದು ಸಮುದ್ರ ಅಲ್ಲ ಕಣ್ರೀ," ಎಂದಳು. "ಸೊಪ್ಪು. ನಾನ್ ಕಟ್ದೆನಲ್ಲ, ಆ ಸೊಪ್ಪು. ಡಾಕ್ಟ್ರು ಅವತ್ತೇ ಯೋಳಿದ್ರು. ನಾನೇ ನಿಮ್ಗೆ ಯೋಳ್ಲಿಲ್ಲ."

ಕಾಂತರಾಜು ಕಣ್ಣು ಬಿಟ್ಟ. ತಿರುಗಿ ನೋಡಲಿಲ್ಲ. ಅವಳು ಉಳಿದದ್ದನ್ನೂ ಹೇಳಿ ಮುಗಿಸಿದಳು. ಡಾಕ್ಟರಮ್ಮ ಅಂಗೈ ನೋಡಿದ್ದು, ತಾನು ಹೆದರಿದ್ದು, ದಿನದಿನವೂ ನಾಳೆ ಹೇಳುತ್ತೇನೆ ಎಂದುಕೊಂಡದ್ದು. ಒಂದು ಹೊಡೆತ ಹೊಡೆದರೂ ಸರಿ ಎಂದು ಕಾಯುತ್ತಾ ನಿಂತಳು.

"ಒಂದ್ ವರ್ಸ ಕಣೆ," ಎಂದ ಅವನು.

ಮಳೆ ಜೋರಾಯಿತು. ಕಾವಲಿನವನು ಕೊಡೆಯಡಿಯಿಂದ ಇವರನ್ನು ನೋಡುತ್ತಿದ್ದ. ಕಾಂತರಾಜು ಪಂಚೆಯ ಅಂಚಿನಲ್ಲಿ ಮುಖ ಒರೆಸಿಕೊಂಡ.

"ಸಮುದ್ರನೇ ಅಂತ ಇರ್ಲಿ ಬುಡು," ಎಂದ. "ಅವ್ವಂಗೆ ಗೊತ್ತಾದ್ರೆ ನೀನು ಆ ಮನೇಲಿ ಬಾಳಕಾಗಲ್ಲ. ನಂಗೆ ಅಭ್ಯಾಸ ಆಗೋಗದೆ."

ಗಂಟನ್ನು ಬೀಸಿ ಎಸೆದ. ಎದುರುಗಾಳಿಗೆ ಅದು ದೂರ ಹೋಗಲಿಲ್ಲ. ಎರಡು ಅಲೆ ಹೊರಳಾಡಿಸಿ, ಮೂರನೆಯದು ತಂದು ಪವಿತ್ರಳ ಕಾಲ ಹತ್ತಿರವೇ ಹಾಕಿತು. ಅವನು ಬಗ್ಗಲಿಲ್ಲ. ಅವಳು ಎತ್ತಿಕೊಂಡು ಮೊಣಕಾಲು ಮುಳುಗುವವರೆಗೆ ನೀರಿಗೆ ಇಳಿದು, ಕೈಲಾದಷ್ಟು ದೂರ ಎಸೆದಳು. ಆಮೇಲೆ ಇಬ್ಬರೂ ಅದು ಮುಳುಗಿತೋ ಇಲ್ಲವೋ ಎಂದು ನೋಡದೆ ಲಾಡ್ಜಿನ ಕಡೆ ನಡೆದರು.

ಜುಲೈನಲ್ಲಿ ಮೊದಲ ಕೊಯ್ಲಿನ ಸೊಪ್ಪು ಬಂದು ಅಂಗಳದಲ್ಲಿ ಬಿತ್ತು. ಪವಿತ್ರ ಎಂದಿನಂತೆ ಚಾಪೆ ಬಿಡಿಸಲು ಹೋದಾಗ ಕಾಂತರಾಜು ಅದನ್ನು ಕಿತ್ತುಕೊಂಡು, ಹೆಂಗಸರ ಸಾಲಿನಲ್ಲಿ ತಾನೇ ಹೋಗಿ ಕೂತ. ಆ ಊರಿನಲ್ಲಿ ಗಂಡಸು ಹಾಗೆ ಕೂರುವುದಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಬಸವಮ್ಮ ಸಿಟ್ಟಾಗಿ, ಕೈ ಗಟ್ಟಿಯಿರುವ ಸೊಸೆಯನ್ನು ಒಳಗೆ ಕೂರಿಸಿ ನೀನು ಇಲ್ಲಿ ಕೂತಿದ್ದೀಯಲ್ಲ, ಏನಾಗಿದೆ ನಿನಗೆ ಎಂದು ಕೇಳಿದಳು.

"ಸಮುದ್ರುಕ್ಕೆ ಅರಕೆ ಮಾಡ್ಕೊಂಡ್ ಬಂದಿವ್ನಿ ಕಣವ್ವ," ಎಂದ ಅವನು, ಕಡ್ಡಿಯಿಂದ ತಲೆಯೆತ್ತದೆ. "ಇನ್ಮೇಕೆ ಅವ್ಳು ಸೊಪ್ ಮುಟ್ಟಂಗಿಲ್ಲ."

ಸಮುದ್ರದ ಮಾತಿಗೆ ಬಸವಮ್ಮ ಎದುರಾಡಲಿಲ್ಲ. ಪವಿತ್ರ ಒಲೆಯ ಮುಂದೆ ಕೂತು ಆ ಮಾತು ಕೇಳಿಸಿಕೊಂಡಳು, ಎದ್ದು ಹೊರಗೆ ಬರಲಿಲ್ಲ. ಕಾಂತರಾಜು ಒಂದು ಕಡ್ಡಿ ಕಟ್ಟುವಷ್ಟರಲ್ಲಿ ಉಳಿದವರು ಮೂರು ಕಟ್ಟುತ್ತಿದ್ದರು. ಆದರೂ ದಸರಾ ಕಳೆಯುವವರೆಗೆ ಅವನು ಚಾಪೆ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ ಅವನ ಅಂಗೈ ಕಪ್ಪಾಗಿತ್ತು, ಪವಿತ್ರಳದು ಬೆಳ್ಳಗಿತ್ತು. ಈಗ ಅವಳಿಗೆ ಮೂವತ್ತನಾಲ್ಕು. ಮತ್ತೆ ಬಸುರಾಗಿಲ್ಲ.