ಗುಡ್ಡದ ದಾರಿಗೆ ಅಡ್ಡ ಇಟ್ಟ ತೀಜ್

ಕಮಲಾಪುರದ ಕೆಂಪು ಬಾಳೆಗೊನೆಗಳು ಬಸ್ಸಿನ ನೆತ್ತಿಯ ಮೇಲೆ ಕುಳಿತು ಕಲಬುರಗಿಯ ಪೇಟೆಗೆ ಬರುತ್ತಿದ್ದ ಕಾಲವದು. ಅದು ಯಾವ ವರ್ಷವೆಂದು ನನ್ನ ಶಾಲಾ ದಾಖಲೆಯನ್ನೂ ಅಕ್ಕ ಸೋನಾಳ ಮದುವೆಯ ತಿಥಿಯನ್ನೂ ತಾಳೆ ನೋಡಿದ್ದೇನೆ. ಒಂದು ವರ್ಷದ ವ್ಯತ್ಯಾಸ ಇನ್ನೂ ಬಗೆಹರಿದಿಲ್ಲ. ಮಾಸದ ಬಗ್ಗೆ ಮಾತ್ರ ಸಂದೇಹವಿಲ್ಲ: ಶ್ರಾವಣ.

ಕಮಲಾಪುರದ ಹೊರಗೆ, ಒಂದು ಕೆಂಪು ಗುಡ್ಡದ ಬುಡದಲ್ಲಿ ನಮ್ಮ ಲಂಬಾಣಿ ತಾಂಡಾ ಇತ್ತು. ಗುಡ್ಡದ ಹುಲ್ಲು ನಮ್ಮ ದನ ಆಡುಗಳಿಗೆ, ಬುಡದ ಒರತೆ ನಮಗೆ. ಆ ವರ್ಷ ರಸ್ತೆಗೆ ಹಾಕುವ ಗರಸು ಅಗೆಯಲು ಗುತ್ತಿಗೆದಾರನೊಬ್ಬನ ಲಾರಿಗಳು ಬಂದವು. ಗುಡ್ಡ ಕಡಿದರೆ ಒರತೆ ಬತ್ತುತ್ತದೆ, ಒರತೆ ಬತ್ತಿದರೆ ತಾಂಡಾ ಜಾಗ ಬಿಟ್ಟು ಏಳಬೇಕಾಗುತ್ತದೆ ಎಂಬುದು ಮಕ್ಕಳಾದ ನಮಗೂ ತಿಳಿದಿತ್ತು.

ಅಷ್ಟರಲ್ಲಿ ತೀಜ್ ಬಂತು. ಮದುವೆಯಾಗದ ಹುಡುಗಿಯರು ಬುಟ್ಟಿಗೆ ಹುತ್ತದ ಮಣ್ಣು, ಆಡಿನ ಗೊಬ್ಬರ ತುಂಬಿ ಗೋಧಿ ಬಿತ್ತಿ, ಹಾಡುತ್ತ ನೀರೆರೆಯುವ ಹಬ್ಬವದು. ಊಟಕ್ಕೆ ಉಪ್ಪಿಲ್ಲ, ರೊಟ್ಟಿಗೆ ಬೆಲ್ಲ ಕಲಸಿದ ಚೂರ್ಮಾ ಒಂದೇ ಸಂಭ್ರಮ. ಗೋಕುಲಾಷ್ಟಮಿಯ ಹೊತ್ತಿಗೆ ಪೈರು ಕಿತ್ತು ಅಣ್ಣತಮ್ಮಂದಿರ ರುಮಾಲಿಗೆ ಸಿಕ್ಕಿಸಿ, ಮಿಕ್ಕುದನ್ನು ನೀರಿಗೆ ಬಿಡಬೇಕು. ಅಲ್ಲಿಯವರೆಗೆ ಬುಟ್ಟಿಯನ್ನು ಯಾರೂ ದಾಟುವಂತಿಲ್ಲ, ಸರಿಸುವಂತಿಲ್ಲ. ಬಿತ್ತಿದ ತೀಜ್ ಕೀಳದೆ ಹುಡುಗಿ ಗಂಡನ ಮನೆಯ ಹೊಸ್ತಿಲು ತುಳಿಯುವಂತೆಯೂ ಇಲ್ಲ. ಸೋನಾಳಿಗೆ ಅದು ಕಡೆಯ ತೀಜ್. ಶ್ರಾವಣ ಮುಗಿಯುವುದರೊಳಗೆ ಅವಳ ಮದುವೆಯೆಂದು ನಿಶ್ಚಯವಾಗಿತ್ತು.

ಬುಟ್ಟಿಗಳ ಚಪ್ಪರ ಪ್ರತಿವರ್ಷ ತಾಂಡಾದ ನಾಯಕನ ಮನೆಯೆದುರು ಏಳುತ್ತಿತ್ತು. ಆ ಸಲ ನಮ್ಮ ದಾದಿ, ಎಂದರೆ ತಂದೆಯ ತಾಯಿ, ಅದನ್ನು ಗುಡ್ಡದ ದಾರಿಯ ಬಾಯಿಗೇ ಹಾಕಿಸಿದಳು.

ಮರುದಿನ ಗುತ್ತಿಗೆದಾರನ ಕೆಲಸ ನೋಡಿಕೊಳ್ಳುವ ಮುಕಾದಮ ಲಾರಿಯಿಂದಲೇ ಕೂಗಿದ. "ಏ ಪೋರಿಗೋಳ್ರ್ಯಾ, ಬುಟ್ಟಿ ತೆಗೀರಿ!"

"ನೀನೇ ಇಳದು ತೆಗಿ ಯಪ್ಪಾ," ಎಂದಳು ದಾದಿ. "ನಿಮ್ಮ ಮನ್ಯಾಗ ಅಕ್ಕತಂಗೇರು ಇಲ್ಲೇನು?"

ಮುಕಾದಮ ಚಾಲಕನತ್ತ ತಿರುಗಿದ. "ಹೊಡಿಯೋ ಗಾಡಿ! ಗೋಧಿ ಹುಲ್ಲಿಗೆ ಅಂಜ್ತಿ?"

ಚಾಲಕ ಆಗಲೇ ಕೆಳಗಿಳಿದು ಚಪ್ಪಲಿ ಬಿಟ್ಟಿದ್ದ. "ಸಾಹೇಬ್ರ, ನಂದೂ ತಾಂಡಾನೇ ಅದ ರೀ. ಇದರ ಮ್ಯಾಲ ಗಾಲಿ ಹಾಯಿಸಿದ್ರ ನಮ್ಮಕ್ಕ ನನಗ ರೊಟ್ಟಿ ಹಾಕಂಗಿಲ್ಲ."

ಲಾರಿ ಹಿಂದಕ್ಕೆ ಹೋಯಿತು. ಬೇರೆ ಚಾಲಕರೂ ಸುತ್ತಲಿನ ಊರಿನವರೇ, ಒಬ್ಬನೂ ದಾಟಲಿಲ್ಲ.

ಇತ್ತ ನಾಯಕನೊಡನೆ ಗಂಡಸರು ಅರ್ಜಿ ಹಿಡಿದು ಕಲಬುರಗಿಗೆ ಹೋದರು. ಕಚೇರಿಯಲ್ಲಿ ಸಾಹೇಬರಿಲ್ಲ, ನಾಳೆ ಬನ್ನಿ ಎಂಬ ಮಾತು. ರಾತ್ರಿ ಅಲ್ಲಿನ ರೋಜಾ ಬಡಾವಣೆಯ ದರ್ಗಾದ ಬಳಿ ಮಲಗಿ, ಬೆಳಗಾದೊಡನೆ ಮತ್ತೆ ಕಚೇರಿಯ ಮೆಟ್ಟಿಲು. ಗೋಕುಲಾಷ್ಟಮಿ ಬಂದರೂ ಆದೇಶ ಬರಲಿಲ್ಲ. ಅದರ ಬದಲು ಸೋನಾಳ ಅತ್ತೆಯಾಗುವವಳು ಬಂದಳು.

"ಹೆಣ್ಣು ಕೊಡ್ತೀರೋ, ಗುಡ್ಡ ಕಾಯ್ಕೋತ ಕುಂಡ್ರಸ್ತೀರೋ?"

ನಾವು ಯಾಡಿ ಎಂದು ಕರೆಯುತ್ತಿದ್ದ ತಾಯಿ ಅಕ್ಕನ ಕೈ ಹಿಡಿದಳು. "ಕಿತ್ತುಬಿಡ ಸೋನಾ. ಸಂಬಂಧ ತಪ್ಪಿದ್ರ ಏನ್ ಮಾಡ್ತಿ?"

"ನಾ ಕಿತ್ತರ ನಾಳೀನೇ ಲಾರಿ ಬರ್ತಾವ ಯಾಡಿ. ಮದಿವಿ ಹಿಂದ ಮುಂದ ಆಗ್ತದ. ಒರತಿ ಬತ್ತಿದ್ರ ಮತ್ತ ಬರ್ತದೇನು?"

ಅತ್ತೆಯಾಗುವವಳು ಎದ್ದು ಹೋದಳು. ಉಪ್ಪಿಲ್ಲದ ಊಟ ಮುಂದುವರಿಯಿತು. ಗೋಧಿ ಹಳದಿಗೆ ತಿರುಗಿ ಬಾಗಿತು. ಬುಟ್ಟಿಗಳಿಂದ ಕೊಳೆತ ಬೇರಿನ ವಾಸನೆ ಬರತೊಡಗಿತು. ಆದರೂ ಎರಡು ಹೊತ್ತು ನೀರೆರೆದು ಹಾಡಿದೆವು.

ಅಗೆತ ನಿಲ್ಲಿಸಬೇಕೆಂಬ ಆದೇಶ ಹಿಡಿದು ಗಂಡಸರು ಮರಳಿದ ದಿನ ಸೋನಾ ಮೊದಲ ಬುಟ್ಟಿಯ ಪೈರು ಕಿತ್ತಳು. ಒಣಗಿದ ಎಸಳನ್ನು ರುಮಾಲಿಗೆ ಸಿಕ್ಕಿಸಿಕೊಂಡ ನಮ್ಮಣ್ಣ, "ಇದು ತೀಜ್ ಅಲ್ಲಬೇ, ಸುಗ್ಗಿ!" ಎಂದು, ತೀಜ್ ಬೀಳ್ಕೊಡುತ್ತ ಅಳುತ್ತಿದ್ದವರನ್ನೂ ನಗಿಸಿದ. ಸಂಬಂಧ ಉಳಿಯಿತು, ಮದುವೆ ದೀಪಾವಳಿಯಾಚೆಗೆ ನಡೆಯಿತು.

ಬಹು ವರ್ಷಗಳ ನಂತರ ಗುಡ್ಡದ ಹಿಂಬದಿಯಿಂದ, ಬೇರೆ ದಾರಿಯಲ್ಲಿ, ಯಂತ್ರಗಳು ಬಂದವು. ಎಂದಿನಿಂದ ಎಂದು ಖಚಿತವಾಗಿ ಹೇಳುವವರು ನನಗೆ ಸಿಕ್ಕಿಲ್ಲ. ಈಗ ಅರ್ಧ ಗುಡ್ಡವಿಲ್ಲ; ಒರತೆಯ ಜಾಗದಲ್ಲಿ ಕಲ್ಲುಪುಡಿ.

ಕಳೆದ ಶ್ರಾವಣದಲ್ಲಿ ಸೋನಾ ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದಿದ್ದಳು. ಆ ದಾರಿಗೂ ಬುಟ್ಟಿ ಇಡಬಹುದಿತ್ತಲ್ಲ ಎಂದೆ.

"ಯಾರು ಇಡಬೇಕವ್ವಾ? ತಾಂಡಾದ ಹುಡುಗ್ಯಾರೆಲ್ಲ ಪುಣೆದಾಗ ಗಾರಿ ಕೆಲಸಕ್ಕ ಹೋಗ್ಯಾರ," ಎಂದಳು. "ಇಟ್ಟರೂ, ಆ ಮಿಷನ್ ಮ್ಯಾಲ ಕುಂತಂವ ಎಲ್ಲಿಯಂವನೋ ಏನೋ. ಇಳೀಬೇಕು ಅಂತ ಅವಗ ಯಾರು ಕಲಿಸ್ಯಾರ?"