ಕಾದಂಬರಿಯನ್ನು ಪಾಲು ಮಾಡಿಕೊಂಡದ್ದು

ನಾನು ಓದಿದ್ದು ಲೋಕಿಕೆರೆಯ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ. ಅಕ್ಷರ ಬರುತ್ತದೆ, ಆದರೆ ಬೆರಳಿಟ್ಟು ಓದಬೇಕು. ಬೆರಳು ತೆಗೆದರೆ ಸಾಲು ತಪ್ಪುತ್ತದೆ. ಇಂಥವಳು ಕಾದಂಬರಿಯ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ. ಆದರೆ ಆ ಪುಸ್ತಕ ಚೆನ್ನಾಗಿತ್ತೋ ಇಲ್ಲವೋ ಎಂದು ನನಗಿನ್ನೂ ತೀರ್ಮಾನಿಸಲು ಆಗಿಲ್ಲ. ತೀರ್ಮಾನವಾಗದ ಸಂಗತಿ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಜೋಳದ ಸಿಪ್ಪೆಯ ಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ.

ಪುಸ್ತಕ ತಂದವಳು ನನ್ನ ಸೊಸೆ ಶಾರದೆ, ನಮ್ಮ ಓಣಿಯ ತುದಿಯ ವಾಚನಾಲಯದಿಂದ. ರಟ್ಟು ಹೋಗಿತ್ತು, ಹೆಸರಿನ ಹಾಳೆಯೂ ಹೋಗಿತ್ತು. ಮೊದಲ ಅಧ್ಯಾಯ ಪಾಳೆಗಾರರ ಕಾಲದ್ದು. ಹೊಳೆದಂಡೆಯ ಒಂದು ದೊಡ್ಡ ಮನೆಯ ಸೊಸೆ ಒಂದು ಸಂಜೆ ಕಾಣೆಯಾಗುತ್ತಾಳೆ. ಒಲೆಯ ಮೇಲೆ ಹಾಲಿದೆ, ಅವಳಿಲ್ಲ. ಏನಾಯಿತೋ ಎಂದು ಎರಡನೆಯ ಅಧ್ಯಾಯಕ್ಕೆ ಹೋದರೆ ಪಾಳೆಗಾರನೂ ಇಲ್ಲ, ಹಾಲೂ ಇಲ್ಲ. ಈಗಿನ ಕಾಲ, ಕಾಲೇಜು ಓದಿದ ಒಬ್ಬ ಹುಡುಗಿ, ಅದೇ ಮನೆಯ ಗೋಡೆ ಕೆಡವುವಾಗ ಸಿಕ್ಕ ಬುಗುಡಿ ಹಿಡಿದುಕೊಂಡು, ಇದು ಯಾರ ಕಿವಿಯದು ಎಂದು ಊರೂರು ತಿರುಗುತ್ತಾಳೆ. ಮೂರನೆಯದಕ್ಕೆ ಮತ್ತೆ ಪಾಳೆಗಾರ. ಪುಸ್ತಕವಿಡೀ ಹೀಗೇ, ಒಂದು ಬಿಟ್ಟು ಒಂದು.

ನನಗೆ ಸಿಟ್ಟು ಬಂತು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳುವವರೂ ಕಥೆಯೊಳಗೆ ಕಥೆ ತರುತ್ತಾರೆ. ಆದರೆ ಅವರಿಗೊಂದು ಮರ್ಯಾದೆ ಇರುತ್ತದೆ. "ರಾಜ ಬೇಟೆಗೆ ಹೋದ, ಹೋಗ್ಲಿ ಬಿಡ್ರಿ, ನಾವು ಅರಮನಿಗೆ ಬರಣ" ಎಂದು ಹೇಳಿ, ಒಂದು ಗುಟುಕು ನೀರು ಕುಡಿದು, ನಮ್ಮನ್ನು ಕೈಹಿಡಿದು ಕರೆದೊಯ್ಯುತ್ತಾರೆ. ಈ ಪುಸ್ತಕ ಬರೆದ ಮಹಾರಾಯ ನಡುಬೀದಿಯಲ್ಲಿ ಕೈಬಿಟ್ಟು ಹೋಗಿಬಿಡುತ್ತಾನೆ.

"ಶಾರದಾ, ಇದನ್ನ ಪಾಲು ಮಾಡ್ಕಳಣ. ಹಳೇ ಕಾಲ ನಂಗೆ, ಹೊಸಾದು ನಿಂಗೆ. ಸಂಜಿಗೆ ಕುಂತು ಒಬ್ರಿಗೊಬ್ರು ಹೇಳಣ" ಎಂದೆ.

"ಪುಸ್ತಕಾನ ಯಾರಾದ್ರೂ ಪಾಲು ಮಾಡ್ಕಂತಾರಾ ಅತ್ತಿ?"

"ಹೊಲ ಪಾಲು ಮಾಡ್ಕಂತಾರೆ, ಮನಿ ಪಾಲು ಮಾಡ್ಕಂತಾರೆ. ಇದೇನು ಅದಕ್ಕಿಂತ ಹೆಚ್ಚಿಂದಾ?"

ಆ ದಿನಗಳಲ್ಲಿ ನಮ್ಮಿಬ್ಬರ ನಡುವೆ ಒಂದು ಮಾತು ಅರ್ಧಕ್ಕೆ ನಿಂತಿತ್ತು. ಹರಿಹರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಶಾರದೆಗೆ ಟೀಚರ್ ಕೆಲಸ ಕೊಡುತ್ತೇವೆ ಎಂದಿದ್ದರು. ಬೆಳಿಗ್ಗೆಯ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರಬಹುದು. ಬೇಸಿಗೆ ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ನಮ್ಮಲ್ಲಿ ಸೊಸೆ ಇಂಥದ್ದನ್ನು ಅತ್ತೆಯ ಎದುರು ನಿಂತು ಕೇಳುವ ಪದ್ಧತಿಯಿಲ್ಲ. ಮಗನ ಬಾಯಿಂದ ಬರಬೇಕು. ನನ್ನ ಮಗ ಬಸವರಾಜ ರೊಟ್ಟಿ ಮುರಿಯುತ್ತಾ, ತಟ್ಟೆಗೆ ಹೇಳುವವನ ಹಾಗೆ ಹೇಳಿದ. ನಾನು "ನೋಡಣ" ಎಂದೆ. ನಾನು ನೋಡೋಣ ಎಂದರೆ ಇಲ್ಲ ಎಂದು ಮನೆಯ ಬೆಕ್ಕಿಗೂ ಗೊತ್ತು. ಜನ ಏನಂದಾರು ಎಂಬುದು ಮೇಲಿನ ಕಾರಣ. ಒಳಗಿನದು, ಮೊಮ್ಮಗನ ಹಿಂದೆ ಓಡುವ ಕೆಲಸ ಹಗಲೆಲ್ಲ ನನ್ನ ಮೊಣಕಾಲಿಗೆ ಬೀಳುತ್ತದೆ ಎಂಬುದು.

ಹೀಗಿರುವಾಗ ಪುಸ್ತಕದ ಪಾಲು ನಡೆಯಿತು. ಸಂಜೆ ಅಕ್ಕಿ ಆರಿಸುತ್ತಾ ಕೂರುತ್ತಿದ್ದೆವು. ನನ್ನ ಕಥೆ ಬೇಗ ಮುಗಿಯುತ್ತಿತ್ತು. "ಬಾವಿ ನೋಡಿದ್ರು, ಹೊಳಿ ನೋಡಿದ್ರು, ಸಿಗ್ಲಿಲ್ಲ" ಎಂದರೆ ಒಂದು ಅಧ್ಯಾಯ ಆಯಿತು. ಶಾರದೆಯದು ಹಾಗಲ್ಲ, ಕೇಳುತ್ತಾ ಕೂತರೆ ಒಲೆ ಆರಿಹೋಗುತ್ತಿತ್ತು. ಅವಳ ಪಾಲಿನಲ್ಲಿ ಆ ಬುಗುಡಿಯ ಹುಡುಗಿಗೆ ಒಬ್ಬ ಅತ್ತೆ ಇದ್ದಳು. ಜೋರು ಹೆಂಗಸು, ಮಾತು ಕಡ್ಡಿ ಮುರಿದ ಹಾಗೆ. ಸೊಸೆ ಊರೂರು ತಿರುಗುತ್ತಾಳೆ ಎಂದು ಓಣಿಯವರು ಆಡಿಕೊಂಡಾಗ ಬಾಗಿಲಿಗೆ ಬಂದು, "ನಮ್ಮ ಸೊಸಿ ಎಲ್ಲಿಗೆ ಹೋಗ್ತಾಳೆ ಅನ್ನೋದು ನಂಗೆ ಗೊತ್ತೈತೆ. ನೀವು ನಿಮ್ಮ ಒಲಿ ನೋಡ್ಕಳ್ರಿ" ಎಂದಳಂತೆ. ನನಗೆ ಆ ಹೆಂಗಸು ಬಹಳ ಹಿಡಿಸಿದಳು. ಬುಗುಡಿಯ ಗೊಡವೆ ಬಿಟ್ಟು ದಿನಾ ಸಂಜೆ, "ಇವತ್ತು ಆ ಅತ್ತಿ ಏನಂದ್ಲು?" ಎಂದೇ ಮೊದಲು ಕೇಳುತ್ತಿದ್ದೆ.

ನನ್ನ ಪಾಲು ಮುಗಿಯಿತು. ಕಾಣೆಯಾದವಳನ್ನು ಯಾರೂ ಕೊಂದಿರಲಿಲ್ಲ, ಭೂತ ಹೊತ್ತುಕೊಂಡು ಹೋಗಿರಲಿಲ್ಲ. ಹರಿಗೋಲಿನಲ್ಲಿ ಕೂತು ಆಚೆ ದಡಕ್ಕೆ ಹೋಗಿದ್ದಳು, ಅಲ್ಲೇ ದುಡಿದು ಮುದುಕಿಯಾದಳು. ಇಷ್ಟಕ್ಕೆ ಇಷ್ಟು ಹಾಳೆಯೇ ಎನಿಸಿತು. ಆದರೂ ಹರಿಗೋಲಿನ ಆ ಒಂದು ಪುಟವನ್ನು ಎರಡು ಸಲ ಓದಿದೆ. ಅವಳು ಯಾಕೆ ಹೇಳದೆ ಹೋದಳು ಎಂದರೆ, ಆ ಮನೆಯಲ್ಲಿ ಅವಳ ಮಾತಿಗೆ ಕಿವಿಯೇ ಇರಲಿಲ್ಲ.

ಆಮೇಲೆ ಆಸೆ ತಡೆಯಲಿಲ್ಲ. ಮಧ್ಯಾಹ್ನ ಶಾರದೆ ಬಟ್ಟೆ ಒಗೆಯಲು ಕೂತಾಗ, ಅವಳ ಪಾಲಿಗೂ ಬೆರಳಿಟ್ಟೆ. ನಾನು ಮೆಚ್ಚಿದ ಅತ್ತೆಯ ಮಾತನ್ನು ಕಣ್ಣಾರೆ ಓದಬೇಕಿತ್ತು. ಒಂದು ಅಧ್ಯಾಯ ಓದಿದೆ, ಅತ್ತೆ ಇಲ್ಲ. ಇನ್ನೊಂದು ಓದಿದೆ, ಇಲ್ಲ. ನಾಲ್ಕು ಮಧ್ಯಾಹ್ನ ಕೂತು ಕೊನೆಯ ಹಾಳೆಯವರೆಗೂ ಹುಡುಕಿದೆ. ಆ ಹುಡುಗಿಗೆ ಮದುವೆಯೇ ಆಗಿರಲಿಲ್ಲ.

ಸಂಜೆ ಮೊರ ಹಿಡಿದು ಕೂತಾಗ ಕೇಳಿದೆ: "ಅಲ್ಲೇ ಶಾರದಾ, ಲಗ್ನನೇ ಆಗದೋಳಿಗೆ ಅತ್ತಿ ಎಲ್ಲಿಂದ ಬಂದ್ಲು?"

ಅವಳ ಕೈ ಅಕ್ಕಿಯಲ್ಲೇ ನಿಂತಿತು. "ನಿಮ್ಮ ದನಿನೇ ಹಾಕಿದ್ದೆ ಅತ್ತಿ" ಎಂದಳು.

"ದನಿ ನಂದೇ. ಮಾತು ನಂದಲ್ಲ."

ಅವಳು ತಲೆ ತಗ್ಗಿಸಿದಳು. ನನಗೆ ಬೈಯಬೇಕೆನಿಸಿತು, ಆದರೆ ಯಾರ ಪರವಾಗಿ ಬೈಯುವುದು? ಇಷ್ಟು ದಿನ ಭೇಷ್ ಎಂದವಳು ನಾನೇ. ಗಂಡನ ಬಾಯಲ್ಲಿ ಕಳಿಸಿದ ಮಾತು ತಟ್ಟೆಯಲ್ಲೇ ಬಿದ್ದಿತ್ತು. ಅದನ್ನೇ ಎತ್ತಿಕೊಂಡು, ತೊಳೆದು, ಕಥೆಯೊಳಗಿಟ್ಟು ಬಡಿಸಿದ್ದಳು. ಹರಿಗೋಲು ಹತ್ತುವುದಕ್ಕಿಂತ ಇದು ಜಾಣತನ ಎಂದುಕೊಂಡೆ.

"ಹರಿಹರದ ರೈಲು ಬೆಳಿಗ್ಗೆ ಎಷ್ಟೊತ್ತಿಗೆ?" ಎಂದೆ.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅಳಲು ಶುರುಮಾಡಿದಳು. "ಅಕ್ಕಿ ನೆನಿತೈತೆ, ಆಕಡಿ ತಿರುಗಿ ಅಳು" ಎಂದೆ.

ಶಾಲೆ ಶುರುವಾದ ಮೇಲೆ ಶಾರದೆಗೆ ಹಗಲಿಲ್ಲ. ಪುಸ್ತಕ ಹಿಂದಿರುಗಿಸಲು, ಮೊಮ್ಮಗನನ್ನು ಎಳೆದುಕೊಂಡು ನಾನೇ ಹೋದೆ.

"ಹೆಂಗಿತ್ತಮ್ಮ ಕಾದಂಬರಿ?" ಎಂದ ವಾಚನಾಲಯದವನು.

"ಹಳೇದು ಪರವಾಗಿಲ್ಲ. ಹೊಸಾದು ಸಪ್ಪೆ. ಚಂದ ಇದ್ದಿದ್ದು ಆ ಅತ್ತಿ ಒಬ್ಬಾಕಿ."

ಅವನಿಗೂ ಓದಿದ ನೆನಪಿತ್ತೇನೋ, ಹಾಳೆ ತಿರುವುತ್ತಾ, "ಯಾವ ಅತ್ತಿ? ಇದರಾಗ ಅತ್ತಿನೇ ಇಲ್ವಲ್ಲಮ್ಮ" ಎಂದ.

"ಇಲ್ಲಪ್ಪ. ಆಕಿ ಇನ್ನೂ ಆ ಮಾತು ಕಲೀತಾ ಇದಾಳೆ" ಎಂದು ಹೇಳಿ ಬಂದೆ.